ಉಗುರಿನ ಫಂಗಸ್‌ಗೆ ದಿನಾ ಮಾತ್ರೆಯೋ, ತಿಂಗಳಿಗೊಂದು ವಾರವೋ?

(ಬೆಂಗಳೂರಿನ ಜಯನಗರದಲ್ಲಿ ಸಾರ್ವಜನಿಕರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಗ್ಗೆ ಕಾಲುಗುರಿನ ಬಗ್ಗೆ ಕೇಳೋದಕ್ಕೆ ಇಷ್ಟು ಜನ ಬಂದಿದ್ದೀರಿ. ಬಂದವರಲ್ಲಿ ಸುಮಾರು ಜನ ಶೂ ಹಾಕಿಕೊಂಡೇ ಕೂತಿದ್ದೀರಿ. ಕಾರಣ ನಾನು ಕೇಳುವುದಿಲ್ಲ.

ಉಗುರಿನ ಫಂಗಸ್‌ಗೆ ಇಬ್ಬರು ಡಾಕ್ಟರ ಹತ್ತಿರ ಹೋದರೆ ಎರಡು ಥರದ ಚೀಟಿ ಸಿಗುವುದುಂಟು. ಒಬ್ಬರು ದಿನಕ್ಕೊಂದು ಮಾತ್ರೆ, ಮೂರು ತಿಂಗಳು ಅನ್ನುತ್ತಾರೆ. ಇನ್ನೊಬ್ಬರು ತಿಂಗಳಲ್ಲಿ ಒಂದು ವಾರ ತಗೊಳ್ಳಿ, ಮೂರು ವಾರ ಬಿಡಿ, ಹೀಗೆ ಮೂರು ಸಲ ಅನ್ನುತ್ತಾರೆ. ಪಕ್ಕದ ಮನೆಯವರು ವಾರಕ್ಕೊಂದೇ ಮಾತ್ರೆ ನುಂಗುತ್ತಿರುತ್ತಾರೆ. ಕಾಯಿಲೆ ಒಂದೇ, ಲೆಕ್ಕ ಮಾತ್ರ ಮೂರು ಥರ. ಇದರಲ್ಲಿ ಯಾವುದು ಸರಿ ಅಂತ ಕ್ಲಿನಿಕ್‌ನಲ್ಲಿ ಮತ್ತೆ ಮತ್ತೆ ಕೇಳುತ್ತಾರೆ. ಅಲ್ಲಿ ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯವಲ್ಲ ಇದು.

ಮೊದಲು ಉಗುರಿನ ಸ್ವಭಾವ ನೋಡೋಣ. ಕೈ ಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿಲಿಮೀಟರ್ ಬೆಳೆಯುತ್ತದೆ. ಕಾಲಿನದ್ದು ಅದರ ಅರ್ಧ, ಕೆಲವೊಮ್ಮೆ ಇನ್ನೂ ಕಡಿಮೆ. ಕಾಲಿನ ಹೆಬ್ಬೆರಳಿನ ಉಗುರು ಬುಡದಿಂದ ತುದಿವರೆಗೆ ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಹಾಳಾದ ಉಗುರು ಮಾತ್ರೆ ತಗೊಂಡ ಮಾತ್ರಕ್ಕೆ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗುವುದಿಲ್ಲ. ಹಿಂದಿನಿಂದ ಹೊಸ ಉಗುರು ಬೆಳೆದು ಅದನ್ನು ಮುಂದಕ್ಕೆ ತಳ್ಳಬೇಕು. ನಾವು ಅದನ್ನು ಕತ್ತರಿಸಿ ಹಾಕಬೇಕು. ಮಾತ್ರೆಯ ಕೆಲಸ ಇಷ್ಟೇ: ಹೊಸದಾಗಿ ಬರುವ ಉಗುರಿಗೆ ಫಂಗಸ್ ಹತ್ತದಂತೆ ನೋಡಿಕೊಳ್ಳುವುದು.

ಹಾಗಾದರೆ ಉಗುರು ಪೂರ್ತಿ ಬೆಳೆಯುವವರೆಗೂ ಮಾತ್ರೆ ನುಂಗಬೇಕಲ್ವಾ? ಹಿಂದೆ ಹಾಗೇ ಇತ್ತು. 1950ರ ದಶಕದ ಕೊನೆಯಲ್ಲಿ ಗ್ರೈಸಿಯೋಫಲ್ವಿನ್ ಬಂತು. ಬಾಯಿಂದ ತಗೊಂಡು ಚರ್ಮದ, ಉಗುರಿನ ಫಂಗಸ್ ವಾಸಿ ಮಾಡಬಹುದಾದ ಮೊದಲ ಔಷಧಿ ಅದು. ತಲೆಯ ಫಂಗಸ್ ಆದ ಮಕ್ಕಳಿಗೆ ಅದು ದೊಡ್ಡ ವರ. ಆದರೆ ಉಗುರಿನಲ್ಲಿ ಅದು ನಿಲ್ಲುವುದಿಲ್ಲ. ಮಾತ್ರೆ ನಿಲ್ಲಿಸಿದ ಕೆಲವೇ ದಿನಗಳಲ್ಲಿ ಉಗುರಿನಿಂದ ಖಾಲಿಯಾಗುತ್ತದೆ. ಹಾಗಾಗಿ ಕಾಲುಗುರಿಗೆ ವರ್ಷ, ಒಂದೂವರೆ ವರ್ಷ ದಿನಾ ನುಂಗಬೇಕಿತ್ತು. ಅಷ್ಟು ಮಾಡಿದರೂ ಅರ್ಧಕ್ಕರ್ಧ ಜನಕ್ಕೆ ವಾಸಿಯಾಗುತ್ತಿರಲಿಲ್ಲ. ಕಾಲುಗುರಿನ ಫಂಗಸ್ ಹೋಗೋದೇ ಇಲ್ಲ ಎಂದು ನಮ್ಮ ಹಿರಿಯರು ಕೈಬಿಟ್ಟಿದ್ದು ಸುಮ್ನೆ ಅಲ್ಲ.

1990ರ ದಶಕದಲ್ಲಿ ಲೆಕ್ಕ ಬದಲಾಯಿತು. ಇಟ್ರಾಕೊನಜೋಲ್ ಮತ್ತು ಟರ್ಬಿನಾಫಿನ್ ಎಂಬ ಎರಡು ಔಷಧಿಗಳು ಉಗುರಿಗೆ ಬಂದವು. ಅಮೆರಿಕದಲ್ಲಿ ಉಗುರಿನ ಫಂಗಸ್‌ಗೆ ಮೊದಲನೆಯದಕ್ಕೆ 1995ರಲ್ಲಿ, ಎರಡನೆಯದಕ್ಕೆ 1996ರಲ್ಲಿ ಅನುಮತಿ ಸಿಕ್ಕಿತು. ಎರಡೂ ಉಗುರಿಗೆ ಬುಡದಿಂದಲೂ ಸೇರುತ್ತವೆ, ಕೆಳಗಿನ ಹಾಸಿನಿಂದಲೂ ಸೇರುತ್ತವೆ. ಕೆಲವೇ ವಾರಗಳಲ್ಲಿ ಉಗುರಿನ ತುದಿಯಲ್ಲಿ ಸಿಗುತ್ತವೆ. ಮುಖ್ಯವಾದದ್ದು ಇನ್ನೊಂದು. ಮಾತ್ರೆ ನಿಲ್ಲಿಸಿದ ಮೇಲೂ ಆರು ತಿಂಗಳಿಗಿಂತ ಜಾಸ್ತಿ ಕಾಲ ಅಲ್ಲೇ ಉಳಿಯುತ್ತವೆ. ರಕ್ತದಲ್ಲಿ ಔಷಧಿ ಹೆಚ್ಚುಕಡಿಮೆ ಖಾಲಿ, ಉಗುರಿನಲ್ಲಿ ಮಾತ್ರ ಇದೆ. ನಮ್ಮ ಬಡಾವಣೆಯಲ್ಲಿ ಕಾವೇರಿ ನೀರು ದಿನಾ ಬರುವುದಿಲ್ಲ. ಬಂದ ದಿನ ಸಂಪು ತುಂಬಿಸಿಕೊಂಡರೆ ಬಾರದ ದಿನವೂ ಮನೆ ನಡೆಯುತ್ತದೆ. ಉಗುರೂ ಈ ಔಷಧಿಗಳಿಗೆ ಸಂಪಿನ ಥರ.

ಇದು ಗೊತ್ತಾದ ಮೇಲೆ ಎರಡು ಯೋಚನೆಗಳು ಹುಟ್ಟಿದವು. ಒಂದು, ವರ್ಷ ಪೂರ್ತಿ ಬೇಡ, 12 ವಾರ ಸಾಕು. ಎರಡನೆಯದು ಇನ್ನೂ ಧೈರ್ಯದ್ದು. ಆ 12 ವಾರದಲ್ಲೂ ದಿನಾ ಯಾಕೆ? ತಿಂಗಳಲ್ಲಿ ಒಂದು ವಾರ ಚೆನ್ನಾಗಿ ತುಂಬಿಸಿ, ಉಳಿದ ಮೂರು ವಾರ ಬಿಟ್ಟರೆ ಆಗಲ್ವಾ? ಇದಕ್ಕೇ ಪಲ್ಸ್ ಚಿಕಿತ್ಸೆ ಅನ್ನುತ್ತಾರೆ.

ಈಗ ಚೀಟಿಗೆ ಬರೋಣ. ಟರ್ಬಿನಾಫಿನ್ ದಿನಾ ತಗೊಳ್ಳುವ ಕ್ರಮದಲ್ಲಿ 250 ಮಿಲಿಗ್ರಾಂ ಮಾತ್ರೆ ದಿನಕ್ಕೆ ಒಂದು. ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ. ಕಾಲಿಗೆ ಒಟ್ಟು 84 ಮಾತ್ರೆ. ಇದನ್ನೇ ಪಲ್ಸ್ ಮಾಡಿದರೆ ದಿನಕ್ಕೆ 500 ಮಿಲಿಗ್ರಾಂ, ತಿಂಗಳಲ್ಲಿ ಒಂದು ವಾರ, ಮೂರು ತಿಂಗಳು. ಒಟ್ಟು 42 ಮಾತ್ರೆ. ಇಟ್ರಾಕೊನಜೋಲ್ ದಿನಾ ತಗೊಳ್ಳುವುದಾದರೆ 200 ಮಿಲಿಗ್ರಾಂ, 12 ವಾರ. ಪಲ್ಸ್ ಆದರೆ ಬೆಳಗ್ಗೆ 200, ರಾತ್ರಿ 200, ಒಂದು ವಾರ. ಕೈಯುಗುರಿಗೆ ಇಂಥ ಎರಡು ಪಲ್ಸ್, ಕಾಲಿಗೆ ಮೂರು. 100 ಮಿಲಿಗ್ರಾಂ ಕ್ಯಾಪ್ಸೂಲ್ ಲೆಕ್ಕದಲ್ಲಿ ದಿನಾ ಕ್ರಮಕ್ಕೆ 168, ಪಲ್ಸ್‌ಗೆ 84.

ಎರಡು ಔಷಧಿಯಲ್ಲೂ ಪಲ್ಸ್ ಅಂದರೆ ಔಷಧಿ ಅರ್ಧಕ್ಕೆ ಇಳಿಯಿತು. ಖರ್ಚೂ ಅರ್ಧ. ಹೀಗಾಗಿ ಪಲ್ಸ್ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ. ಔಷಧಿ ಅರ್ಧ ಆದಾಗ ಫಲವೂ ಇಳಿಯಿತೋ, ಇಲ್ಲವೋ?

ಇಟ್ರಾಕೊನಜೋಲ್‌ನಲ್ಲಿ ಇಳಿಯಲಿಲ್ಲ. ದಿನಾ ತಗೊಂಡವರನ್ನೂ ಪಲ್ಸ್ ತಗೊಂಡವರನ್ನೂ ಹೋಲಿಸಿದಾಗ ಫಲ ಹೆಚ್ಚು ಕಡಿಮೆ ಒಂದೇ ಬಂತು. ಹೀಗಿರುವಾಗ ಸುಮ್ಮನೆ ಜಾಸ್ತಿ ನುಂಗುವುದು ಯಾಕೆ? ಇವತ್ತು ಇಟ್ರಾಕೊನಜೋಲ್ ಅಂದರೆ ಹೆಚ್ಚಿನವರು ಪಲ್ಸ್ ಬರೆಯುವುದು ಅದಕ್ಕೇ.

ಟರ್ಬಿನಾಫಿನ್‌ನಲ್ಲಿ ಇಳಿಯಿತು. ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯಲ್ಲಿ ನಡೆದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. 306 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದ್ದರು. ಯಾರು ಯಾವ ಕ್ರಮದಲ್ಲಿದ್ದಾರೆ ಎಂದು ರೋಗಿಗೂ ಗೊತ್ತಿಲ್ಲ, ನೋಡುವ ಡಾಕ್ಟರಿಗೂ ಗೊತ್ತಿಲ್ಲ. ದಿನಾ ತಗೊಂಡವರಲ್ಲಿ ಶೇ. 71 ಜನಕ್ಕೆ ಲ್ಯಾಬ್‌ನಲ್ಲಿ ಫಂಗಸ್ ಇಲ್ಲವಾಗಿತ್ತು. ಪಲ್ಸ್ ತಗೊಂಡವರಲ್ಲಿ ಶೇ. 59. ಉಗುರೂ ಪೂರ್ತಿ ಸರಿಹೋಗಿ, ಲ್ಯಾಬ್‌ನಲ್ಲೂ ಫಂಗಸ್ ಇಲ್ಲ ಅನ್ನುವ ಕಟ್ಟುನಿಟ್ಟಿನ ಲೆಕ್ಕದಲ್ಲಿ ಶೇ. 40 ಮತ್ತು ಶೇ. 28. ನೂರು ಜನರಲ್ಲಿ 12 ಜನರ ವ್ಯತ್ಯಾಸ. ಚಿಕ್ಕದು ಅನ್ನಿಸಬಹುದು. ಆ ಹನ್ನೆರಡು ಜನ ಒಂದು ವರ್ಷ ಕಾದು, ಮತ್ತೆ ಮೊದಲಿಂದ ಶುರು ಮಾಡಬೇಕು. ನಲವತ್ತು ಮಾತ್ರೆ ಉಳಿಸಲು ಇದು ದುಬಾರಿ ಬೆಲೆ ಎಂದು ನನ್ನ ಲೆಕ್ಕ.

ನಡುವೆ ಒಂದು ದಾರಿ ಇದೆ. ಟರ್ಬಿನಾಫಿನ್ 250 ನಾಲ್ಕು ವಾರ ದಿನಾ, ನಾಲ್ಕು ವಾರ ಬಿಡುವು, ಮತ್ತೆ ನಾಲ್ಕು ವಾರ ದಿನಾ. 56 ಮಾತ್ರೆ. ಇದರ ಫಲ ದಿನಾ ಕ್ರಮಕ್ಕೆ ಹತ್ತಿರ ಹತ್ತಿರ ಬಂದಿದೆ. ಖರ್ಚಿನ ಚಿಂತೆ ಇರುವವರಿಗೆ ನಾನು ಒಂದು ವಾರದ ಪಲ್ಸ್‌ಗಿಂತ ಇದನ್ನೇ ಹೇಳುತ್ತೇನೆ.

ಈಗ ಔಷಧಿ ಔಷಧಿಗಳ ನಡುವಿನ ಹೋಲಿಕೆ. 1999ರಲ್ಲಿ ಬ್ರಿಟನ್ನಿನ ಬಿ.ಎಂ.ಜೆ. ಪತ್ರಿಕೆಯಲ್ಲಿ ಬಂದ ಲಯನ್ ಅಧ್ಯಯನ ಇದರಲ್ಲಿ ಹೆಸರುವಾಸಿ. ಯುರೋಪಿನ ಆರು ದೇಶಗಳ 496 ಜನ. ದಿನಾ ಟರ್ಬಿನಾಫಿನ್ 12 ವಾರ ಅಥವಾ 16 ವಾರ ಒಂದು ಕಡೆ. ಇಟ್ರಾಕೊನಜೋಲ್ ಮೂರು ಪಲ್ಸ್ ಅಥವಾ ನಾಲ್ಕು ಪಲ್ಸ್ ಇನ್ನೊಂದು ಕಡೆ. 72 ವಾರ ಆದ ಮೇಲೆ ಲ್ಯಾಬ್ ಪರೀಕ್ಷೆ. ಟರ್ಬಿನಾಫಿನ್‌ನಲ್ಲಿ ಶೇ. 76 ಮತ್ತು ಶೇ. 81 ಜನ ಫಂಗಸ್‌ನಿಂದ ಪಾರು. ಇಟ್ರಾಕೊನಜೋಲ್ ಪಲ್ಸ್‌ನಲ್ಲಿ ಶೇ. 38 ಮತ್ತು ಶೇ. 49. ಈ ಅಧ್ಯಯನಕ್ಕೆ ಹಣ ಕೊಟ್ಟದ್ದು ಟರ್ಬಿನಾಫಿನ್ ತಯಾರಿಸುತ್ತಿದ್ದ ಕಂಪನಿ. ಅದನ್ನು ತಿಳಿದೇ ಓದಬೇಕು. ಆದರೆ ಮುಂದೆ 2017ರಲ್ಲಿ ಕಾಕ್ರೇನ್ ಸಂಸ್ಥೆಯವರು 48 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿ ನೋಡಿದಾಗಲೂ ಟರ್ಬಿನಾಫಿನ್ ಕಡೆಗೇ ತಕ್ಕಡಿ ವಾಲಿತು.

ಲಯನ್‌ನಲ್ಲಿದ್ದ ಐಸ್‌ಲ್ಯಾಂಡ್‌ನ 151 ಜನರನ್ನು ಐದು ವರ್ಷ ಹಿಂಬಾಲಿಸಿದರು. ನನಗೆ ಇದೇ ಹೆಚ್ಚು ಮುಖ್ಯ. ಐದು ವರ್ಷದ ಕೊನೆಯಲ್ಲಿ, ಮತ್ತೆ ಚಿಕಿತ್ಸೆ ಬೇಕಾಗದೆ ಫಂಗಸ್ ಇಲ್ಲದೆ ಉಳಿದವರು ಟರ್ಬಿನಾಫಿನ್ ಗುಂಪಿನಲ್ಲಿ ಶೇ. 46, ಇಟ್ರಾಕೊನಜೋಲ್ ಗುಂಪಿನಲ್ಲಿ ಶೇ. 13. ಗೆದ್ದ ಔಷಧಿಯಲ್ಲೂ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ವಾಸಿ ಆಗಿಲ್ಲ, ಇಲ್ಲವೇ ಮರಳಿ ಬಂದಿದೆ. ಇದನ್ನು ಮೊದಲೇ ಹೇಳಬೇಕು. ಮೂರು ತಿಂಗಳ ಕೋರ್ಸ್ ಮುಗಿಸಿದರೆ ಜೀವಮಾನಕ್ಕೆ ಚಿಂತೆ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇಲ್ಲಿ ಸ್ವಲ್ಪ ನಿಲ್ಲೋಣ. ವಾಸಿ ಅಂದರೆ ಏನು? ಲ್ಯಾಬ್‌ನವರಿಗೆ ಫಂಗಸ್ ಸಿಗದಿದ್ದರೆ ಅದೊಂದು ವಾಸಿ. ಕಣ್ಣಿಗೆ ಉಗುರು ಚೆನ್ನಾಗಿ ಕಂಡರೆ ಅದೊಂದು. ಎರಡೂ ಒಟ್ಟಿಗೆ ಆದರೆ ಇನ್ನೊಂದು. ಟರ್ಬಿನಾಫಿನ್ ಡಬ್ಬಿಯ ಜೊತೆ ಬರುವ ಅಮೆರಿಕದ ಮಾಹಿತಿ ಹಾಳೆಯಲ್ಲಿ ಕಾಲುಗುರಿಗೆ ಮೊದಲ ಲೆಕ್ಕ ಶೇ. 70, ಕೊನೆಯ ಲೆಕ್ಕ ಶೇ. 38. ಔಷಧಿ ಅದೇ, ರೋಗಿಗಳು ಅವರೇ. ಇಟ್ರಾಕೊನಜೋಲ್ ದಿನಾ ಕ್ರಮದ ಹಾಳೆಯಲ್ಲಿ ಅವೇ ಎರಡು ಲೆಕ್ಕ ಶೇ. 54 ಮತ್ತು ಶೇ. 14. ಇವು ಬೇರೆ ಬೇರೆ ಅಧ್ಯಯನಗಳು, ಪಕ್ಕಪಕ್ಕ ಇಟ್ಟು ಕಳೆಯುವ ಲೆಕ್ಕ ಮಾಡಬಾರದು. ಆದರೆ ಅಂತರ ನೋಡಿ. ವಾಟ್ಸಾಪ್‌ನಲ್ಲಿ ಯಾರೋ ಶೇ. 80 ಗ್ಯಾರಂಟಿ ಅಂತ ಕಳಿಸಿದರೆ, ಯಾವ ವಾಸಿಯ ಶೇ. 80 ಅಂತ ಕೇಳಿ. ರೋಗಿಗೆ ಬೇಕಾಗಿರುವುದು ಚಪ್ಪಲಿಯಲ್ಲಿ ಕಾಣುವ ಉಗುರು. ಅಧ್ಯಯನಗಳು ದೊಡ್ಡ ಅಕ್ಷರದಲ್ಲಿ ಹೇಳುವುದು ಲ್ಯಾಬ್‌ನ ಲೆಕ್ಕ. ಎಷ್ಟೋ ಜನರ ಉಗುರು ಫಂಗಸ್ ಹೋದ ಮೇಲೂ ಮೊದಲಿನ ಹಾಗೆ ಆಗುವುದಿಲ್ಲ. ವರ್ಷಗಟ್ಟಲೆ ಬಿಗಿ ಶೂಗಳ ಒತ್ತಡದಲ್ಲಿ ಬುಡವೇ ಸ್ವಲ್ಪ ಕೆಟ್ಟಿರುತ್ತದೆ.

ಇನ್ನು ವಾರಕ್ಕೊಂದು ಮಾತ್ರೆ. ಅದು ಫ್ಲುಕೊನಜೋಲ್, 150ರಿಂದ 450 ಮಿಲಿಗ್ರಾಂ. ನೆನಪಿಡುವುದು ಸುಲಭ, ಆದರೆ ಕಾಲುಗುರಿಗೆ ಕನಿಷ್ಠ ಆರು ತಿಂಗಳು, ಎಷ್ಟೋ ಸಲ ವರ್ಷದವರೆಗೂ ಬೇಕು. ಫಲ ಮೊದಲ ಎರಡಕ್ಕಿಂತ ಕಡಿಮೆ. ಆ ಎರಡೂ ಆಗದವರಿಗೆ ಮೂರನೇ ದಾರಿಯಾಗಿ ಬಳಸುತ್ತೇವೆ. ಅಂಗಡಿಯಲ್ಲಿ ಒಂದು ತಿಂಗಳಿಗೆ ನಾಲ್ಕು ಮಾತ್ರೆ ತಂದು ನುಂಗಿ, ಕೆಲಸ ಮಾಡಲಿಲ್ಲ ಅನ್ನುವವರು ಬಹಳ. ಮಾಡುವ ಹಾಗೇ ಇಲ್ಲ.

ಕೀಟೊಕೊನಜೋಲ್ ಮಾತ್ರೆಯ ಬಗ್ಗೆ ಒಂದೇ ಮಾತು: ಬೇಡ. ಯುರೋಪಿನಲ್ಲಿ 2013ರಲ್ಲೇ ಫಂಗಸ್‌ಗೆ ಅದರ ಮಾತ್ರೆ ನಿಲ್ಲಿಸಲು ಹೇಳಿದರು. ಲಿವರ್‌ಗೆ ಹೊಡೆತ ಕೊಡುತ್ತದೆ. ಉಗುರಿಗಾಗಿ ಅದನ್ನು ತಗೊಂಡ ಒಬ್ಬರು ತೀರಿಹೋದ ಮೇಲೆ ಅಮೆರಿಕದ ಔಷಧಿ ನಿಯಂತ್ರಣದವರು 2016ರಲ್ಲಿ ಮತ್ತೊಮ್ಮೆ ಎಚ್ಚರಿಸಿದರು. ಅದರ ಶಾಂಪೂ, ಕ್ರೀಮ್ ಬೇರೆ ಮಾತು.

ಇಷ್ಟು ಕೇಳಿದರೆ ದಿನಾ ಟರ್ಬಿನಾಫಿನ್ ಎಲ್ಲರಿಗೂ ಬರೆದು ಮುಗಿಸಬಹುದು ಅನ್ನಿಸುತ್ತದೆ. ಹಾಗಿಲ್ಲ. ಮೊದಲ ಅಡ್ಡಿ, ಫಂಗಸ್ ಹೌದೋ ಅಲ್ಲವೋ. ಹಳದಿ, ದಪ್ಪ, ಪುಡಿ ಉದುರುವ ಉಗುರುಗಳಲ್ಲಿ ಸುಮಾರು ಅರ್ಧ ಮಾತ್ರ ಫಂಗಸ್. ಉಳಿದವು ಸೋರಿಯಾಸಿಸ್, ಶೂ ಒತ್ತಡ, ಹಳೆಯ ಪೆಟ್ಟು, ವಯಸ್ಸು. ಸೋರಿಯಾಸಿಸ್ ಉಗುರಿಗೆ 84 ಮಾತ್ರೆ ನುಂಗಿದರೆ ಲಿವರ್‌ಗೆ ಕೆಲಸ, ಉಗುರಿಗೆ ಏನೂ ಇಲ್ಲ.

ಪರೀಕ್ಷೆ ಕಷ್ಟದ್ದಲ್ಲ. ಉಗುರನ್ನು ಸ್ಪಿರಿಟ್‌ನಲ್ಲಿ ಒರೆಸಿ, ಮೇಲೆ ಎದ್ದಿರುವ ಭಾಗವನ್ನು ನಿಪ್ಪರ್‌ನಲ್ಲಿ ಆದಷ್ಟು ಹಿಂದಕ್ಕೆ ಕತ್ತರಿಸುತ್ತೇವೆ. ತುದಿಯ ಪುಡಿ ಪ್ರಯೋಜನವಿಲ್ಲ, ಅಲ್ಲಿ ಸತ್ತ ಫಂಗಸ್ ಜಾಸ್ತಿ. ಒಳಗೆ, ಚೆನ್ನಾಗಿರುವ ಉಗುರು ಶುರುವಾಗುವ ಗಡಿಯಲ್ಲಿ, ಸುಣ್ಣದ ಥರದ ಬಿಳಿ ಪುಡಿ ಇರುತ್ತದೆ. ಅದನ್ನು ಚಿಕ್ಕ ಕ್ಯೂರೆಟ್‌ನಿಂದ ಕೆರೆದು ಗಾಜಿನ ಸ್ಲೈಡ್ ಮೇಲೆ ಹಾಕಿ, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಡುತ್ತಾರೆ. ಕೆ.ಓ.ಎಚ್. ಅನ್ನುವುದು ಅದನ್ನೇ. ಉಗುರು ಗಟ್ಟಿ, ಕರಗಲು ಚರ್ಮಕ್ಕಿಂತ ಹೆಚ್ಚು ಹೊತ್ತು ಬೇಕು. ಆಮೇಲೆ ಮೈಕ್ರೋಸ್ಕೋಪ್‌ನಲ್ಲಿ ನೋಡಿದರೆ, ಕರಗಿದ ಉಗುರಿನ ಜೀವಕೋಶಗಳ ಗೆರೆಗಳನ್ನು ಲೆಕ್ಕಿಸದೆ ಅಡ್ಡಡ್ಡ ಹಾಯುವ, ಕವಲೊಡೆದ ತೆಳ್ಳನೆಯ ಎಳೆಗಳು ಕಾಣುತ್ತವೆ. ಅದೇ ಫಂಗಸ್. ಯಾವ ಜಾತಿಯದ್ದು ಎಂದು ತಿಳಿಯಲು ಕಲ್ಚರ್‌ಗೆ ಹಾಕಬೇಕು, ಅಂದರೆ ಲ್ಯಾಬ್‌ನಲ್ಲಿ ಅದನ್ನು ಬೆಳೆಸಿ ನೋಡಬೇಕು. ಮೂರು ನಾಲ್ಕು ವಾರ ಆಗುತ್ತದೆ. ಕತ್ತರಿಸಿದ ಉಗುರಿನ ತುಂಡನ್ನು, ಫಂಗಸ್ ಎದ್ದು ಕಾಣಿಸುವ ಪಿ.ಎ.ಎಸ್. ಎಂಬ ಬಣ್ಣದ ಪರೀಕ್ಷೆಗೂ ಕಳಿಸಬಹುದು. ಬೆಂಗಳೂರಿನಲ್ಲಿ ಇವೆಲ್ಲ ಸಿಗುತ್ತವೆ. ಮೆಡಿಕಲ್ ಕಾಲೇಜು ಆಸ್ಪತ್ರೆಗಳ ಚರ್ಮದ ವಿಭಾಗದಲ್ಲಿ ಕೆ.ಓ.ಎಚ್. ದಿನನಿತ್ಯದ ಕೆಲಸ.

ಜಾತಿ ಯಾಕೆ ಬೇಕು ಅಂದರೆ, ಔಷಧಿಯ ಆಯ್ಕೆ ಅದರ ಮೇಲೆ ನಿಂತಿದೆ. ಕಾಲುಗುರಿನಲ್ಲಿ ಹೆಚ್ಚಾಗಿ ಸಿಗುವುದು ಟ್ರೈಕೋಫೈಟಾನ್ ರೂಬ್ರಮ್. ಅದಕ್ಕೆ ಟರ್ಬಿನಾಫಿನ್ ಮೇಲು. ಫಂಗಸ್‌ನ ಹೊರಪದರಕ್ಕೆ ಬೇಕಾದ ಎರ್ಗೋಸ್ಟೆರಾಲ್ ತಯಾರಾಗುವ ಹಾದಿಯಲ್ಲಿ ಅದು ಆರಂಭದಲ್ಲೇ ತಡೆ ಹಾಕುತ್ತದೆ. ಸ್ಕ್ವಾಲೀನ್ ಎಂಬ ಜಿಡ್ಡು ಒಳಗೇ ಶೇಖರವಾಗಿ ಫಂಗಸ್ ಸಾಯುತ್ತದೆ. ಇಟ್ರಾಕೊನಜೋಲ್ ಅದೇ ಹಾದಿಯಲ್ಲಿ ಮುಂದಕ್ಕೆ ಹೋಗಿ ತಡೆಯುತ್ತದೆ. ಬಹುಮಟ್ಟಿಗೆ ಬೆಳವಣಿಗೆ ನಿಲ್ಲಿಸುತ್ತದೆ, ಕೊಲ್ಲುವುದು ಕಡಿಮೆ. ಆದರೆ ಕ್ಯಾಂಡಿಡಾ ಎಂಬ ಇನ್ನೊಂದು ಥರದ ಫಂಗಸ್‌ಗೆ ಇಟ್ರಾಕೊನಜೋಲ್ ಚೆನ್ನಾಗಿ ಕೆಲಸ ಮಾಡುತ್ತದೆ, ಟರ್ಬಿನಾಫಿನ್ ಅಷ್ಟಕ್ಕಷ್ಟೆ. ಕ್ಯಾಂಡಿಡಾ ಯಾರಿಗೆ? ದಿನವಿಡೀ ನೀರಲ್ಲಿ ಕೈ ಇಟ್ಟಿರುವವರಿಗೆ. ದರ್ಶಿನಿಗಳಲ್ಲಿ ತಟ್ಟೆ ತೊಳೆಯುವವರು, ಮನೆಮನೆಯಲ್ಲಿ ಪಾತ್ರೆ ಉಜ್ಜುವ ಅಕ್ಕಂದಿರು, ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿಗೆ ನೀರು ಚಿಮುಕಿಸುತ್ತಾ ಕೂತವರು. ಅವರ ಕೈಯಲ್ಲಿ ಉಗುರಿನ ಬುಡದ ಚರ್ಮ ಊದಿ, ಉಗುರುಸುತ್ತು ಹಳೆಯದಾಗಿ, ಆಮೇಲೆ ಉಗುರು ಕೆಡುತ್ತದೆ. ಅವರಿಗೆ ಮಾತ್ರೆಗಿಂತ ಮುಂಚೆ ಕೈ ಒಣಗಬೇಕು. ಒಳಗೆ ಬಟ್ಟೆಯ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್. ಅದನ್ನು ಮನೆಯೊಡತಿಯರು ಕೊಡಿಸಿದರೆ ನನ್ನ ಚೀಟಿಗಿಂತ ಜಾಸ್ತಿ ಉಪಕಾರ.

ನಮ್ಮ ದೇಶದ ಇನ್ನೊಂದು ತಲೆನೋವು ಇದೆ. ಕಳೆದ ಹತ್ತು ವರ್ಷದಿಂದ ಗಜಕರ್ಣ ಹೇಗೆ ಹಬ್ಬಿದೆ ಅಂತ ನಿಮಗೇ ಗೊತ್ತು. ಸ್ಟೀರಾಯ್ಡ್ ಬೆರೆಸಿದ ಕ್ರೀಮ್‌ಗಳನ್ನು ಅಂಗಡಿಯಲ್ಲಿ ಕೇಳಿ ತಂದು ಹಚ್ಚಿದ್ದೂ ಇದಕ್ಕೆ ಕಾರಣ. ಈ ಫಂಗಸ್‌ಗೆ 2020ರಲ್ಲಿ ಟ್ರೈಕೋಫೈಟಾನ್ ಇಂಡೋಟಿನಿಯೇ ಎಂದು ಹೆಸರಿಟ್ಟರು. ಇದರ ಎಷ್ಟೋ ತಳಿಗಳಿಗೆ ಟರ್ಬಿನಾಫಿನ್ ನಾಟುವುದಿಲ್ಲ. ಔಷಧಿ ಹಿಡಿಯಬೇಕಾದ ಕಿಣ್ವವೇ ಬದಲಾಗಿದೆ. ಇದು ಮುಖ್ಯವಾಗಿ ಚರ್ಮದ ಕಾಯಿಲೆ. ಆದರೆ ತೊಡೆ, ಸೊಂಟದ ತುಂಬ ಗಜಕರ್ಣ ಇದ್ದು, ಉಗುರೂ ಕೆಟ್ಟಿರುವವರು ಬಂದರೆ ಯುರೋಪಿನ ಅಂಕಿಗಳನ್ನು ಕಣ್ಣುಮುಚ್ಚಿ ಇಲ್ಲಿಗೆ ತರಲಾಗದು. ಅಂಥವರಿಗೆ ನಾನು ಇಟ್ರಾಕೊನಜೋಲ್ ಕಡೆ ಯೋಚಿಸುತ್ತೇನೆ.

ಎರಡನೇ ಅಡ್ಡಿ, ನೀವು ಈಗಾಗಲೇ ತಗೊಳ್ಳುತ್ತಿರುವ ಮಾತ್ರೆಗಳು. ಇಲ್ಲಿ ಇಟ್ರಾಕೊನಜೋಲ್ ಸ್ವಲ್ಪ ಜಗಳಗಂಟ. ಕೊಲೆಸ್ಟ್ರಾಲ್ ಮಾತ್ರೆಗಳಲ್ಲಿ ಸಿಮ್ವಾಸ್ಟಾಟಿನ್ ಜೊತೆ ಕೂಡದು, ಅಟೋರ್ವಾಸ್ಟಾಟಿನ್ ಜೊತೆಯೂ ಎಚ್ಚರ ಬೇಕು. ಬಿ.ಪಿ.ಗೆ ಕೊಡುವ ಆಮ್ಲೋಡಿಪಿನ್ ಜೊತೆ ಸೇರಿದರೆ ಕಾಲು ಊತ ಜಾಸ್ತಿಯಾಗಬಹುದು. ರಕ್ತ ತೆಳು ಮಾಡುವ ಮಾತ್ರೆಗಳ ಬಲ ಏರುತ್ತದೆ. ಹೃದಯ ದುರ್ಬಲ ಆಗಿರುವವರಿಗೆ ಉಗುರಿಗಾಗಿ ಇದನ್ನು ಕೊಡಲೇಬಾರದು. 2001ರಲ್ಲೇ ಅಮೆರಿಕದಲ್ಲಿ ಈ ಎಚ್ಚರಿಕೆ ಬಂದಿದೆ. ಪಲ್ಸ್ ಒಂದೇ ವಾರ ತಾನೇ ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಆ ವಾರ ರಕ್ತದಲ್ಲಿ ಇರುವುದು ದಿನಾ ಕ್ರಮದ ಎರಡರಷ್ಟು ಡೋಸ್.

ಇನ್ನೊಂದು ತೊಂದರೆ ಬೆಂಗಳೂರಿನ ಮನೆಮನೆಯಲ್ಲೂ ಇದೆ. ಗ್ಯಾಸ್ ಮಾತ್ರೆ. ಬೆಳಗ್ಗೆ ಎದ್ದು ಖಾಲಿ ಹೊಟ್ಟೆಗೆ ಪ್ಯಾಂಟೊಪ್ರಜೋಲ್ ನುಂಗುವುದು ಹಲ್ಲುಜ್ಜಿದಷ್ಟೇ ಸಹಜ ಆಗಿಬಿಟ್ಟಿದೆ. ಇಟ್ರಾಕೊನಜೋಲ್ ಕ್ಯಾಪ್ಸೂಲ್ ಕರಗಲು ಹೊಟ್ಟೆಯ ಆಮ್ಲ ಬೇಕು. ಆಮ್ಲ ಬಂದ್ ಮಾಡಿ ಕ್ಯಾಪ್ಸೂಲ್ ನುಂಗಿದರೆ ಬಹುಪಾಲು ಔಷಧಿ ಒಳಗೆ ಸೇರುವುದೇ ಇಲ್ಲ. ಹೊಟ್ಟೆ ತುಂಬ ಊಟ ಮಾಡಿದ ಕೂಡಲೇ ತಗೊಳ್ಳಬೇಕು. ಬರೀ ಕಾಫಿ ಬಿಸ್ಕತ್ತಿನ ಮೇಲೆ ಅಲ್ಲ. ಗ್ಯಾಸ್ ಮಾತ್ರೆ ಬಿಡಲಾಗದವರು ಮೊದಲೇ ಹೇಳಿ. ಪಲ್ಸ್ ಕೆಲಸ ಮಾಡಲಿಲ್ಲ ಎಂದು ಬರುವವರನ್ನು ನಾನು ಮೊದಲು ಕೇಳುವ ಪ್ರಶ್ನೆ ಇದೇ.

ಟರ್ಬಿನಾಫಿನ್‌ಗೆ ಊಟದ ಹಂಗಿಲ್ಲ. ಜಗಳವೂ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಬಿ.ಪಿ., ಹಾರ್ಟ್‌ಗೆ ಕೊಡುವ ಮೆಟೊಪ್ರೊಲಾಲ್, ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್, ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮೊಕ್ಸಿಫೆನ್ ಇವುಗಳ ಜೊತೆ ಯೋಚಿಸಬೇಕು. ಕಿಡ್ನಿ ಕೆಲಸ ಅರ್ಧಕ್ಕಿಂತ ಇಳಿದಿದ್ದರೆ ಬೇಡ. ಲಿವರ್ ಕಾಯಿಲೆ ಇದ್ದರೂ ಬೇಡ. ಕೆಫೀನ್ ದೇಹದಿಂದ ಹೊರಹೋಗುವುದನ್ನೂ ಇದು ಸ್ವಲ್ಪ ನಿಧಾನಿಸುತ್ತದೆ. ನಾಲ್ಕು ಲೋಟ ಫಿಲ್ಟರ್ ಕಾಫಿ ಕುಡಿಯುವವರು, ನಿದ್ದೆ ಬರ್ತಿಲ್ಲ ಅಂತ ಬಂದು ನನ್ನನ್ನು ಬೈಯಬೇಡಿ.

ಲಿವರ್ ಭಯಕ್ಕೆ ಬರೋಣ. ಟರ್ಬಿನಾಫಿನ್‌ನಿಂದ ಲಿವರ್‌ಗೆ ಗಂಭೀರ ಏಟು ಬೀಳುವುದು 50,000ದಿಂದ 1,20,000 ಚೀಟಿಗಳಲ್ಲಿ ಒಂದು ಎಂಬ ಅಂದಾಜಿದೆ. ಬಂದರೆ ಸಾಮಾನ್ಯವಾಗಿ ಮೊದಲ ಆರು ವಾರದೊಳಗೆ. ಶುರು ಮಾಡುವ ಮುಂಚೆ ಒಂದು ರಕ್ತ ಪರೀಕ್ಷೆ ಮಾಡಿಸಿ. ನಡುವೆ ಹಸಿವಿಲ್ಲ, ವಾಕರಿಕೆ, ಮೂತ್ರ ಗಾಢ ಹಳದಿ, ಮೈಯೆಲ್ಲ ತುರಿಕೆ ಅಂದರೆ ಮಾತ್ರೆ ನಿಲ್ಲಿಸಿ, ಅವತ್ತೇ ಬನ್ನಿ. ಇದಕ್ಕಿಂತ ಹೆಚ್ಚು ಸಲ ಕಾಣುವುದು ನಾಲಿಗೆ ರುಚಿ ಕೆಡುವುದು. ಅಧ್ಯಯನಗಳಲ್ಲಿ ನೂರಕ್ಕೆ ಮೂರು ಜನಕ್ಕೆ ಹಾಗಾಯಿತು. ಸಾರಿಗೆ ಉಪ್ಪಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಹೆಚ್ಚಿನವರಿಗೆ ಮಾತ್ರೆ ಬಿಟ್ಟ ಮೇಲೆ ವಾರಗಳಲ್ಲಿ ಸರಿಹೋಗುತ್ತದೆ, ಕೆಲವರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಡುಗೆಯವರು, ಕಾಫಿ ರುಚಿ ನೋಡುವ ಕೆಲಸದವರು ಇದ್ದರೆ ಇದನ್ನು ಮೊದಲೇ ಹೇಳುತ್ತೇನೆ. ಬಸುರಿಯರಿಗೆ ಎರಡು ಔಷಧಿಯೂ ಬೇಡ. ಉಗುರು ಕಾಯುತ್ತದೆ.

ಕೋರ್ಸ್ ಮುಗಿದ ದಿನ ಉಗುರು ನೋಡಿ ನಿರಾಸೆ ಪಡುವವರೇ ಎಲ್ಲ. ಮೂರು ತಿಂಗಳಲ್ಲಿ ಬುಡದಲ್ಲಿ ಮೂರು ನಾಲ್ಕು ಮಿಲಿಮೀಟರ್ ಚೆನ್ನಾಗಿರುವ ಉಗುರು ಬಂದಿದ್ದರೆ ಅದೇ ಗೆಲುವು. ನಾನು ಒಂದು ಕೆಲಸ ಮಾಡುತ್ತೇನೆ. ಶುರುವಿನ ದಿನ, ಕೆಟ್ಟ ಭಾಗ ಮುಗಿದು ಚೆನ್ನಾಗಿರುವ ಭಾಗ ಶುರುವಾಗುವ ಗಡಿಯಲ್ಲಿ ಉಗುರಿನ ಮೇಲೆ ಒಂದು ಸಣ್ಣ ಗೀರು ಹಾಕಿಬಿಡುತ್ತೇನೆ. ಫೋಟೋ ಕೂಡ ತೆಗೆಸುತ್ತೇನೆ. ಗೀರು ಉಗುರಿನ ಜೊತೆ ಮುಂದೆ ಹೋಗುತ್ತದೆ. ಹಳದಿ ಗೀರಿನ ಮುಂದೆಯೇ ಉಳಿದರೆ ಔಷಧಿ ಕೆಲಸ ಮಾಡುತ್ತಿದೆ. ಗೀರು ದಾಟಿ ಬುಡದ ಕಡೆ ಬಂದರೆ ಮತ್ತೆ ಪರೀಕ್ಷೆ. ಆರನೇ ತಿಂಗಳಲ್ಲಿ ನೋಡಿ, ಬೇಕಾದರೆ ಇನ್ನು ನಾಲ್ಕು ವಾರ ಟರ್ಬಿನಾಫಿನ್ ಅಥವಾ ಇನ್ನೊಂದು ಪಲ್ಸ್ ಸೇರಿಸುವುದುಂಟು.

ಪ್ರಶ್ನೆಗಳಿಗೆ ಬರೋಣ.

ಶುಗರ್ ಇರುವ ಒಬ್ಬರು ಕೇಳಿದರು: "ಡಾಕ್ಟ್ರೇ, ನನಗೆ ನೋವೇನಿಲ್ಲ. ಹಾಗೇ ಬಿಟ್ಟರೆ ಏನಾಗುತ್ತೆ?" ಶುಗರ್ ಇಲ್ಲದಿದ್ದರೆ ನಾನೂ ಬಿಡಿ ಸರ್ ಅನ್ನಬಹುದಿತ್ತು. ಶುಗರ್ ಇರುವವರ ಕಾಲಲ್ಲಿ ದಪ್ಪ ಉಗುರು ಪಕ್ಕದ ಬೆರಳಿಗೆ ಒತ್ತಿ ಹುಣ್ಣು ಮಾಡಿದರೂ ನೋವು ತಿಳಿಯುವುದಿಲ್ಲ. ಅವರಿಗೆ ಚಿಕಿತ್ಸೆ ಬೇಕು. ದಿನಾ ಟರ್ಬಿನಾಫಿನ್ ಸಾಮಾನ್ಯವಾಗಿ ಒಳ್ಳೆಯ ಆಯ್ಕೆ, ಏಕೆಂದರೆ ಅವರ ಡಬ್ಬಿಯಲ್ಲಿ ಆಗಲೇ ಅರ್ಧ ಡಜನ್ ಮಾತ್ರೆ ಇರುತ್ತವೆ, ಬೇರೆ ಮಾತ್ರೆಗಳ ಜೊತೆ ಇದರ ಜಗಳ ಕಡಿಮೆ.

ಸಾಫ್ಟ್‌ವೇರ್ ಹುಡುಗನೊಬ್ಬನ ಪ್ರಶ್ನೆ: "ದಿನಾ ಮಾತ್ರೆ ಮರೆತು ಹೋಗುತ್ತೆ. ಪಲ್ಸ್ ಆದರೆ ಆಗುತ್ತಲ್ವಾ?" ಪಲ್ಸ್‌ನಲ್ಲಿ ಮರೆಯುವುದು ಬೇರೆ ಥರ. ವಾರವಿಡೀ ಸರಿಯಾಗಿ ತಗೊಂಡು, ಮುಂದಿನ ತಿಂಗಳು ಶುರು ಮಾಡುವುದೇ ಮರೆಯುತ್ತಾರೆ. ತಿಂಗಳ ಮೊದಲ ವಾರ ಅಂತ ಗೊತ್ತುಮಾಡಿಕೊಳ್ಳಿ. ಸಂಬಳದ ಮೆಸೇಜ್ ಬಂದ ದಿನ ಶುರು ಅಂದರೆ ಯಾರೂ ಮರೆಯುವುದಿಲ್ಲ. ದಿನದ ಮಾತ್ರೆ ಒಂದೆರಡು ತಪ್ಪಿದರೆ ಗಾಬರಿ ಬೇಡ, ಉಗುರಿನಲ್ಲಿ ದಾಸ್ತಾನಿದೆ. ಮರುದಿನ ಎರಡು ನುಂಗಬೇಡಿ.

"ಬರೀ ನೇಲ್ ಪಾಲಿಶ್ ಥರ ಹಚ್ಚುವ ಲ್ಯಾಕರ್ ಸಾಲದಾ?" ಉಗುರಿನ ತುದಿಯಲ್ಲಿ ಮಾತ್ರ, ಒಂದೆರಡು ಬೆರಳಿಗೆ ಇದ್ದರೆ ಪ್ರಯತ್ನಿಸಬಹುದು. ಅಮೊರೊಲ್ಫಿನ್ ವಾರಕ್ಕೊಮ್ಮೆ, ವರ್ಷದ ಹತ್ತಿರ. ಬುಡದವರೆಗೆ ಹೋಗಿದ್ದರೆ ಒಂದೇ ಸಾಲದು, ಮಾತ್ರೆಯ ಜೊತೆ ಹಚ್ಚಿದರೆ ಸಹಾಯ.

"ಮತ್ತೆ ಬಾರದ ಹಾಗೆ?" ಬೆರಳ ಸಂದಿನಲ್ಲಿ ಸಿಪ್ಪೆ ಏಳುವುದು, ಕೆರೆತ ಇದ್ದರೆ ಅದಕ್ಕೆ ಮೊದಲು ಕ್ರೀಮ್ ಹಚ್ಚಿ. ಅಲ್ಲಿಂದಲೇ ಉಗುರಿಗೆ ವಾಪಸ್ಸು ಬರುವುದು. ಮಳೆಯಲ್ಲಿ ನೆನೆದ ಶೂ ಮರುದಿನ ಹಾಗೇ ಹಾಕಬೇಡಿ, ಎರಡು ಜೊತೆ ಇಟ್ಟುಕೊಳ್ಳಿ. ಮನೆಯಲ್ಲಿ ಇನ್ನೊಬ್ಬರಿಗೆ ಇದ್ದರೆ ಅವರಿಗೂ ಚಿಕಿತ್ಸೆ ಆಗಬೇಕು.

ಕೊನೆಯದು ಹಿಂದಿನ ಸಾಲಿನ ಅಮ್ಮನವರದ್ದು. ಅವರ ಅತ್ತೆಗೆ ಎಂಬತ್ತು ದಾಟಿದೆ. ಹಾರ್ಟ್‌ಗೆ, ಬಿ.ಪಿ.ಗೆ, ಕೊಲೆಸ್ಟ್ರಾಲ್‌ಗೆ ಮಾತ್ರೆ, ರಕ್ತ ತೆಳುವಾಗಲು ಒಂದು. ಹತ್ತೂ ಉಗುರು ದಪ್ಪ. ಮೊಮ್ಮಗಳ ಮದುವೆ ಹತ್ತಿರ ಬಂದಿದೆ, ಯಾವ ಕೋರ್ಸ್ ಬೇಗ ಅಂತ ಕೇಳಿದರು. ಯಾವುದೂ ಬೇಗ ಅಲ್ಲ ಅಮ್ಮ, ಅವರಿಗೆ ಯಾವ ಮಾತ್ರೆಯೂ ಬೇಡ. ಶೇ. 40 ಯೂರಿಯಾ ಮುಲಾಮು ರಾತ್ರಿ ಉಗುರಿನ ಮೇಲೆ ಮಾತ್ರ ಹಚ್ಚಿ, ಸುತ್ತಲ ಚರ್ಮಕ್ಕೆ ಮೊದಲು ವ್ಯಾಸಲೀನ್ ಸವರಿ, ಪ್ಲಾಸ್ಟರ್ ಸುತ್ತಿ. ಒಂದೆರಡು ವಾರದಲ್ಲಿ ಉಗುರು ಮೆತ್ತಗಾಗುತ್ತದೆ. ಸ್ನಾನ ಆದ ಮೇಲೆ ದಪ್ಪ ನಿಪ್ಪರ್‌ನಲ್ಲಿ ಸ್ವಲ್ಪ ಸ್ವಲ್ಪವೇ, ನೇರವಾಗಿ ಕತ್ತರಿಸಿ. ಮೂಲೆ ಕೊರೆಯಬೇಡಿ. ರಕ್ತ ತೆಳುವಿನ ಮಾತ್ರೆ ಇರುವುದರಿಂದ ಮೊದಲ ಸಲ ಕ್ಲಿನಿಕ್‌ನಲ್ಲೇ ಮಾಡಿಸಿ, ಹೇಗೆ ಅಂತ ನೋಡಿಕೊಂಡು ಆಮೇಲೆ ಮನೆಯಲ್ಲಿ ನೀವೇ ಮಾಡಬಹುದು. ಮದುವೆ ದಿನ ಬೇಕಿದ್ದರೆ ಬಣ್ಣ ಹಚ್ಚಿ, ಮರುದಿನ ತೆಗೆದುಬಿಡಿ.